ಕಾರೆಕಾಯಿ ಸಾಲದೆ ಹೋದ ಬೇಸಿಗೆ

ಹೋದ ವರ್ಷ ದೀಪಾವಳಿಗೆ ಮುಂಚೆ ಅಕ್ಕನ ಮನೆಗೆ ಹೋಗಿದ್ದೆ. ತಾಳಮಲೆ ಕಡೆಗೆ ಹೋಗುವ ದಾರಿಯಲ್ಲಿ ಕಾಡಿನ ಅಂಚಿಗೆ ಅಂಟಿಕೊಂಡಿರುವ ಸಣ್ಣ ಊರು ಅದು. ಅಕ್ಕನಿಗೆ ಎಂಬತ್ತು ದಾಟಿದೆ. ನಾನು ಅವಳಿಗಿಂತ ನಾಲ್ಕು ವರ್ಷಕ್ಕೆ ಚಿಕ್ಕವನು. ಜಗುಲಿಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದಾಗ ಅವಳ ಸೊಸೆ ಇರುವೆ ಒಳಗೆ ಬರದಿರಲೆಂದು ಹೊಸ್ತಿಲ ಉದ್ದಕ್ಕೂ ಬಿಳಿ ಪುಡಿಯಲ್ಲಿ ಒಂದು ಗೆರೆ ಎಳೆದಳು. ಗಾಳಿಗೆ ಅದರ ವಾಸನೆ ಬಂತು. ನಾನು ಬಲ್ಲ ಪುಡಿ ಅದಲ್ಲ, ಅದರ ದಾಯಾದಿ ಇರಬೇಕು. ಆದರೂ ಕಾಫಿ ಲೋಟ ಕೆಳಗಿಟ್ಟುಬಿಟ್ಟೆ.

“ಯಾಕ್ಲಾ ತಮ್ಮ, ಸಕ್ಕರೆ ಜಾಸ್ತಿಯಾಯ್ತಾ?” ಅಂದಳು ಅಕ್ಕ.

“ಇಲ್ಲ. ಆ ವಾಸನೆ.”

ಅಕ್ಕ ಗೆರೆಯನ್ನು ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಅವರೆಕಾಯಿ ಬಿಡಿಸುವುದರಲ್ಲಿ ತೊಡಗಿದಳು.

ಸಂಜೆ ಹಳ್ಳದ ಕಡೆ ನಡೆದುಕೊಂಡು ಹೋದೆ. ತೊಟ್ಟಿಲಮಡು ಇದ್ದ ಜಾಗದಲ್ಲಿ ಎಲೆಕೋಸು ಬೆಳೆದಿದ್ದರು. ಸಾಲುಗಳು ನೆಟ್ಟಗಿದ್ದವು, ಒಂದು ಕಡೆ ಮಾತ್ರ ನೆಲ ಕೊಂಚ ತಗ್ಗಿ, ಸಾಲೂ ಅದರ ಜೊತೆ ತಗ್ಗಿ ಮತ್ತೆ ಮೇಲೇರಿತ್ತು. ಎರಡಾಳು ನೀರಿದ್ದ ಮಡುವಿನದೆಂದು ಉಳಿದ ಗುರುತು ಅಷ್ಟೇ. ಆ ತಗ್ಗಿನಲ್ಲಿ ಸ್ವಲ್ಪ ಹೊತ್ತು ನಿಂತೆ. ಆ ಕಾಲದಲ್ಲಾಗಿದ್ದರೆ ನನ್ನ ತಲೆಯ ಮೇಲೆ ಇನ್ನೊಂದಾಳು ನೀರಿರಬೇಕಿತ್ತು.

ಮೈಸೂರಿಗೂ ಮದ್ರಾಸಿಗೂ ನಡುವೆ ಗಡಿ ಎಲ್ಲಿ ಬೀಳುತ್ತದೆ, ನಾವು ಯಾವ ಕಡೆಗೆ ಎಂದು ತಾಳವಾಡಿ ಸಂತೆಯಲ್ಲಿ ಜನ ಮಾತಾಡಿಕೊಳ್ಳುತ್ತಿದ್ದ ಕಾಲ. ನಮ್ಮದು ತಿಗನಾರೆ. ನನಗೆ ಇಪ್ಪತ್ತೆರಡು. ಕನ್ನಡದ ಜೊತೆಗೆ ತಮಿಳು ಓದಿ ಬರೆಯಲು ಬರುತ್ತಿತ್ತು ಎನ್ನುವ ಒಂದೇ ಕಾರಣಕ್ಕೆ ನನಗೆ ಮಲೇರಿಯಾ ಮದ್ದು ಹೊಡೆಯುವ ಕೆಲಸ ಸಿಕ್ಕಿತು. ಕಾಡಂಚಿನ ಊರುಗಳು ನನ್ನ ಪಾಲಿಗೆ ಬಂದವು. ಹಾಗಾಗಿ ಅಕ್ಕನ ಮನೆಯಲ್ಲೇ ಉಳಿದುಕೊಂಡೆ.

ಆ ಊರುಗಳ ಚಳಿಜ್ವರ ನೋಡದವರಿಗೆ ಹೇಳುವುದು ಕಷ್ಟ. ‘ಕಾಡಂಚಿಗೆ ಹೆಣ್ಣು ಕೊಟ್ಟರೆ ಕಂಬಳಿಯನ್ನೂ ಕೊಡು’ ಎನ್ನುತ್ತಿದ್ದರು ನಮ್ಮ ಕಡೆ. ಅಪ್ಪ ಅಕ್ಕನಿಗೆ ಎರಡು ಕೊಟ್ಟಿದ್ದ. ಬಿತ್ತನೆಯ ಹೊತ್ತಿಗೆ ಸರಿಯಾಗಿ ಅರ್ಧ ಊರು ಕಂಬಳಿಯೊಳಗೆ ನಡುಗುತ್ತ ಮಲಗುತ್ತಿತ್ತು. ಎದ್ದವರು ಮಲಗಿದವರಿಗೆ ಗಂಜಿ ಕಾಯಿಸುವುದು, ಮಲಗಿದವರು ಎದ್ದಾಗ ಇವರು ಮಲಗುವುದು. ಹೀಗಿರುವಲ್ಲಿ ಯಾರು ಕಾಡು ಕಡಿದು ಹೊಲ ಮಾಡುತ್ತಾರೆ? ಆ ಕಾಡಿಗೆ ಕಾವಲು ಇದ್ದದ್ದು ಜ್ವರವೇ. ಇದು ನನಗೆ ಆಮೇಲೆ ತಿಳಿಯಿತು.

ಮೊದಲ ಸಲ ಮದ್ದು ಹೊಡೆದ ದಿನ ಮಲೇರಿಯಾ ಇನ್‌ಸ್ಪೆಕ್ಟರು ಜೊತೆಗೆ ಬಂದಿದ್ದರು. ತಮಿಳಿನವರು, ಒಳ್ಳೆಯ ಮನುಷ್ಯ. ಊರವರ ಎದುರಿಗೆ ಬಿಳಿ ಪುಡಿಯನ್ನು ಒಂದು ಹಿಡಿ ತೆಗೆದು ತೋಳಿಗೆಲ್ಲ ತಿಕ್ಕಿಕೊಂಡು, “ಮನುಷ್ಯರಿಗೆ, ದನಕರುಗಳಿಗೆ ಏನೂ ಆಗುವುದಿಲ್ಲ” ಎಂದರು. ನಾನು ಕನ್ನಡದಲ್ಲಿ ಹೇಳಿದೆ. ನನಗೊಬ್ಬನಿಗೇ ಇನ್ನೊಂದು ಮಾತು ಹೇಳಿದರು: ಪಂಪು, ಬಕೆಟ್ಟು ತೊಳೆದ ನೀರನ್ನು ಹಳ್ಳಕ್ಕೆ ಬಿಡಬೇಡ, ದೂರದಲ್ಲಿ ಗುಂಡಿ ತೋಡಿ ಸುರಿ. ಯಾಕೆ ಎಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಬಟ್ಟೆ ಒಗೆಯುವ ಹೆಂಗಸರು ಗಲಾಟೆ ಮಾಡಿಯಾರು ಎಂದಿರಬೇಕು ಅಂದುಕೊಂಡೆ. ಗುಂಡಿಯನ್ನು ಮಾತ್ರ ಒಂದು ದಿನವೂ ತಪ್ಪದೆ ತೋಡಿದೆ.

ಪುಡಿಯನ್ನು ನೀರಿಗೆ ಕಲಸಿದರೆ ಸುಣ್ಣದ ನೀರಿನ ಹಾಗೆ ಕಾಣುತ್ತಿತ್ತು. ಗೋಡೆಗೆ ಹೊಡೆದ ಒಂದು ಗಳಿಗೆಯಲ್ಲಿ ಬಿರುಕುಗಳಿಂದ ತಿಗಣೆಗಳು ಎಳ್ಳು ಸುರಿದಂತೆ ಉದುರಿದವು. ಹೆಂಗಸರು ಪೊರಕೆಯಲ್ಲಿ ಗುಡಿಸಿ ಮೊರಕ್ಕೆ ತುಂಬಿ ಒಬ್ಬರಿಗೊಬ್ಬರು ತೋರಿಸಿಕೊಂಡು ನಕ್ಕರು. ಮೂರನೆಯ ದಿನ ಹಲ್ಲಿಗಳೂ ಬಿದ್ದವು. ಒಂದು ಹಲ್ಲಿ ಮೈಮೇಲೆ ಬಿದ್ದರೆ ಎಡಕ್ಕೋ ಬಲಕ್ಕೋ ಎಂದು ಶಕುನ ಕೇಳಿಕೊಂಡು ಹೋಗುವ ಊರು ಅದು. ಅಕ್ಕನ ಒಂದೇ ಕೋಣೆಯಲ್ಲಿ ಆರು ಬಿದ್ದಿದ್ದವು.

“ಯಾವುದ್ರ ಶಕುನ ಕೇಳ್ಲಿ? ಪಂಚಾಂಗದವ್ನೂ ಓಡೋಗ್ತಾನೆ” ಎಂದು ಅಕ್ಕ ಅವನ್ನು ಗುಡಿಸಿ ತಿಪ್ಪೆಗೆ ಹಾಕಿದಳು. ನಾನೂ ನಕ್ಕೆ.

ಮಾರನೆಯ ವರ್ಷ ನಾನು ಎರಡನೆಯ ಸಲ ಮದ್ದಿನ ಮೂಟೆ ಹೊತ್ತುಕೊಂಡು ಹೋದಾಗ ಊರು ಬೇರೆಯಾಗಿತ್ತು. ಒಂದೇ ಒಂದು ಮನೆಯಲ್ಲೂ ಕಂಬಳಿ ಹೊದ್ದವರಿಲ್ಲ. ಮಕ್ಕಳ ಹೊಟ್ಟೆಯಲ್ಲಿ ಜ್ವರಕ್ಕೆ ಕಟ್ಟಿದ್ದ ಗಡ್ಡೆ ಇಳಿದಿತ್ತು. ಸೂರ್ಯ ನೆತ್ತಿಗೆ ಬಂದರೂ ಹೊಲದಲ್ಲಿ ಜನ ಹಾಡು ಹೇಳಿಕೊಂಡು ಕೆಲಸ ಮಾಡುತ್ತಿದ್ದರು. ನಾನು ಬೀದಿಯಲ್ಲಿ ಹೋದರೆ ಮುದುಕಿಯರು ಕರೆದು ಬೆಲ್ಲ ಕೊಡುತ್ತಿದ್ದರು. ‘ಮದ್ದಪ್ಪ’ ಎಂದೇ ನನಗೆ ಹೆಸರಾಯಿತು. ಇಪ್ಪತ್ತಮೂರನೆಯ ವಯಸ್ಸಿಗೆ ಅಷ್ಟು ದೊಡ್ಡ ಹೆಸರು ಬಂದರೆ ತಲೆ ನೆಟ್ಟಗೆ ಇರುವುದಿಲ್ಲ. ನನ್ನದೂ ಇರಲಿಲ್ಲ.

ಮೈಯಲ್ಲಿ ಶಕ್ತಿ ಬಂದ ಜನ ಸುಮ್ಮನೆ ಕೂರುತ್ತಾರೆಯೇ? ಹಳ್ಳದ ಆಚೆ ದಂಡೆಯ ಇಳಿಜಾರಿಗೆ ಕೊಡಲಿ ಬಿತ್ತು. ಮೊದಲು ಕೊಡಲಿ ಹಾಕಿದವನು ಅಕ್ಕನ ಗಂಡ ರಾಚಭಾವ. ಐದು ವರ್ಷ ಜ್ವರದಲ್ಲಿ ಬಿದ್ದಿದ್ದ ಮನುಷ್ಯ ಒಂದು ಬೇಸಿಗೆಯಲ್ಲಿ ಎರಡು ಎಕರೆ ಸವರಿದ್ದ. ಉಳಿದವರು ಅವನನ್ನು ನೋಡಿ ಇಳಿದರು. ನೀರಿನ ಅಂಚಿನವರೆಗೂ ನೇರಳೆ, ಹೊಂಗೆ, ಮತ್ತಿ ಹೋದವು. ಮುಳ್ಳಿನ ಪೊದೆಗಳಿಗೆ ಬೆಂಕಿಯಿಟ್ಟು ನೇಗಿಲು ಹೊಡೆದರು. ಕೆಂಪು ಮಣ್ಣು ಹೊಸದಾಗಿ ಬಿಸಿಲು ಕಂಡು ಹೊಳೆಯುತ್ತಿತ್ತು. ನೋಡಿ ನನಗೆ ಹೆಮ್ಮೆಯೇ ಆಯಿತು. ಆ ಮುಳ್ಳಿನ ಪೊದೆಗಳಲ್ಲಿ ಮುಕ್ಕಾಲು ಪಾಲು ಕಾರೆ ಗಿಡಗಳಾಗಿದ್ದವು ಎನ್ನುವುದು ಮಡುವಿನ ದಿನ ಹತ್ತಿರ ಬರುವವರೆಗೆ ಯಾರಿಗೂ ನೆನಪಾಗಲಿಲ್ಲ.

ಮಡುವಿನ ದಿನವನ್ನು ವಿವರವಾಗಿ ಹೇಳಬೇಕು. ಕಾಡಿನಿಂದ ಬರುವ ಹಳ್ಳ ಶಿವರಾತ್ರಿ ಹೊತ್ತಿಗೆ ಸೊರಗಿ ಏಳು ಮಡುಗಳಾಗಿ ತುಂಡಾಗುತ್ತಿತ್ತು. ನಡುವೆ ಮರಳಿನಲ್ಲಿ ನೂಲಿನಷ್ಟು ನೀರು. ಮೇಲಿನದು, ಎಲ್ಲಕ್ಕಿಂತ ದೊಡ್ಡದು ತೊಟ್ಟಿಲಮಡು. ಹಳ್ಳದ ಮೀನು ಹೆಚ್ಚಿನಂಶ ಬೇಸಿಗೆ ಕಳೆಯುತ್ತಿದ್ದದ್ದು ಅಲ್ಲಿ. ಮೊದಲ ಮಳೆಗೆ ಅಲ್ಲಿಂದಲೇ ಎದುರು ನೀರಿಗೆ ಹತ್ತಿ ಮೇಲೆ ಹೋಗಿ ಮೊಟ್ಟೆಯಿಡುತ್ತಿದ್ದವು. ಅದಕ್ಕೇ ಆ ಹೆಸರು. ಮೊದಲ ಗುಡುಗಿಗೆ ಮುಂಚೆ ವರ್ಷಕ್ಕೆ ಒಂದೇ ದಿನ ಊರು ಅಲ್ಲಿ ಮೀನು ತೆಗೆಯಬಹುದು. ಬಲೆಯಿಲ್ಲ, ಗಾಳವಿಲ್ಲ. ಎರಡು ದಿನ ಮುಂಚೆ ಮಡುವಿನ ಮೇಲ್ಗಡೆ ಕಲ್ಲು, ಮರಳು, ಸೊಪ್ಪಿನಿಂದ ಕಟ್ಟೆ ಕಟ್ಟಿ ಹೊಸ ನೀರನ್ನು ನಿಲ್ಲಿಸಬೇಕು. ಆಮೇಲೆ ಒಣಗಿದ ಕಾರೆಕಾಯಿಯನ್ನು ಕಲ್ಲಿನ ಮೇಲೆ ಜಜ್ಜಿ ಮಡುವಿಗೆ ಕಲಸಬೇಕು. ನೊರೆ ಏಳುತ್ತದೆ. ಮೀನುಗಳು ಮತ್ತೇರಿ ಅಂಗಾತ ತೇಲುತ್ತವೆ. ದೊಡ್ಡವನ್ನು ಆರಿಸಿಕೊಂಡಾದ ಮೇಲೆ ಕಟ್ಟೆ ಒಡೆದರೆ ಹೊಸ ನೀರು ನುಗ್ಗಿ ಕಾರೆಯ ಕಹಿಯನ್ನು ತೊಳೆದುಕೊಂಡು ಹೋಗುತ್ತದೆ. ಉಳಿದ ಮೀನು ಒಂದೊಂದಾಗಿ ಮಗ್ಗುಲು ತಿರುಗಿಸಿ, ಬಾಲ ಆಡಿಸಿ, ಎದ್ದು ಹೋಗುತ್ತವೆ. ಅವು ಏಳುವುದನ್ನು ನೋಡುವವರೆಗೆ ಯಾರೂ ಮನೆಗೆ ಹೋಗುವಂತಿಲ್ಲ.

ಕಟ್ಟೆ ಒಡೆಯಲು ಅಪ್ಪಣೆ ಕೊಡುವವನು ಜವರತಾತ. ಎರಡು ಕಣ್ಣಿಗೂ ಪೊರೆ ಬಂದು ಬೆಳಕು ಕತ್ತಲೆ ಬಿಟ್ಟರೆ ಬೇರೇನೂ ಕಾಣದ ಮುದುಕ. ಆದರೆ ನೀರಿಗೆ ಬೆರಳಿಟ್ಟು ಇಷ್ಟು ಕಾಯಿ ಬಿದ್ದಿದೆ, ಇಷ್ಟು ಸಾಕು ಎಂದು ಹೇಳುತ್ತಿದ್ದ. ಮಡುವಿನ ಬಂಡೆಯ ಮೇಲೆ ಬೆಳಿಗ್ಗೆ ಬಿಸಿಲು ಕಾಯಿಸುತ್ತ ಕೂರುವ ಐದು ನೀರುನಾಯಿಗಳಿದ್ದವು. ಅವಕ್ಕೆ ತಾತ ಇಟ್ಟ ಹೆಸರು ‘ಆಚೆಮನೆಯೋರು’. “ನಮ್ ಪಾಲಾಯ್ತು. ಆಚೆಮನೆಯೋರ್ ಪಾಲು ಬುಡಿ. ಕಟ್ಟೆ ಒಡೀರ್ಲಾ” ಎನ್ನುವುದು ಅವನ ಅಪ್ಪಣೆ. ಪ್ರತಿ ವರ್ಷವೂ ಅದೇ ಮಾತು.

ಮುಂಚಿನ ವರ್ಷಗಳಲ್ಲಿ ಜ್ವರದವರನ್ನು ಕಳೆದು ಮಡುವಿಗೆ ಹೋಗುತ್ತಿದ್ದದ್ದು ಮೂವತ್ತೋ ನಲವತ್ತೋ ಜನ. ಈ ಸಲ ಇಡೀ ಊರು ಹೊರಟಿತ್ತು. ಹಿಂದಿನ ಸಂಜೆ ಅಕ್ಕನ ಮನೆಯ ಅಂಗಳದಲ್ಲಿ ರಾಚಭಾವ ಖಾಲಿ ಕುಕ್ಕೆಗಳ ಮುಂದೆ ಕೂತಿದ್ದ.

“ಮೂರು ಕುಕ್ಕೆ ಕಾಯಿ ಬೇಕು. ಒಂದೂ ತುಂಬಕಿಲ್ಲ” ಅಂದ. “ಈ ಕಾರೆಯೆಲ್ಲ ಎತ್ಲಾಗೋಯ್ತು?”

“ಎತ್ಲಾಗೋಯ್ತಾ? ನೀನೇ ಅಲ್ವಾ ಬೆಂಕಿ ಇಕ್ಕಿದ್ದು” ಅಂದಳು ಅಕ್ಕ.

ಭಾವ ಖಾಲಿ ಕುಕ್ಕೆಯೊಂದನ್ನು ಕಾಲಿನಿಂದ ಅತ್ತ ಸರಿಸಿದ. ಆಮೇಲೆ ಮೂಲೆಯಲ್ಲಿದ್ದ ನನ್ನ ಮೂಟೆಯ ಕಡೆ ನೋಡಿದ. “ಏನ್ಲಾ ಭಾಮೈದ, ನಿನ್ ಮದ್ದು ಅದೆಯಲ್ಲ.”

“ಅದು ಗೋಡೆಗೆ” ಅಂದೆ.

“ಮನುಷ್ರಿಗೇನೂ ಆಗಕಿಲ್ಲ, ದನುಕ್ಕೇನೂ ಆಗಕಿಲ್ಲ ಅಂತ ನೀನೇ ಸಾರ್ದೆ. ಮೀನು ಒಸಿ ಮತ್ತಾಯ್ತದೆ, ಒಸ ನೀರು ಬುಟ್ರೆ ಎದ್ದೋಯ್ತದೆ. ಕಾರೆಗೂ ಇದ್ಕೂ ಏನ್ಲಾ ವ್ಯತ್ಯಾಸ?”

“ತಿಗಣೆ ಎದ್ದೋಯ್ತಾ?” ಅಂದಳು ಅಕ್ಕ.

“ತಿಗಣೆ ಉಳ ಕಣಮ್ಮಿ. ಮೀನಿಗೆ ರಕ್ತ ಅದೆ.”

“ತಿಗಣೆಗೂ ಇತ್ತು. ನಿಂದೇ.”

ಮೂವರೂ ನಕ್ಕೆವು. ಆ ನಗುವಿನಲ್ಲೇ ಅದು ತೀರ್ಮಾನವಾಯಿತು. ನಾನು ಇಲ್ಲ ಎನ್ನಬಹುದಿತ್ತು. ಮದ್ದು ನನ್ನ ಕೈಯಲ್ಲಿತ್ತು, ಗುಂಡಿಯ ಮಾತು ನನ್ನ ಕಿವಿಯಲ್ಲಿತ್ತು. ಆದರೆ ಇಷ್ಟು ಒಳ್ಳೆಯದು ಮಾಡಿದ ಪುಡಿ ಕೆಟ್ಟದ್ದು ಮಾಡೀತು ಎಂದು ನನಗೆ ಹೊಳೆಯಲೇ ಇಲ್ಲ. ಜ್ವರ ಓಡಿಸಿದವನು ನಾನು, ಮಡುವಿಗೂ ನಾನೇ ಆಗಬೇಕು ಎನ್ನುವ ಆಸೆಯೂ ಇತ್ತು. ಜಜ್ಜಿದ ಅರ್ಧ ಕುಕ್ಕೆ ಕಾರೆಕಾಯಿಗೆ ಎರಡು ಸೇರು ಪುಡಿ ಬೆರೆಸಿದೆ. ಜವರತಾತನಿಗೆ ಹೇಳುವುದು ಬೇಡ ಎಂದವನು ಭಾವ. ಸರಿ ಎಂದವನು ನಾನು.

ಮಾರನೆಯ ಬೆಳಿಗ್ಗೆಯಂಥ ಬೆಳಿಗ್ಗೆಯನ್ನು ನಾನು ಮತ್ತೆ ಕಂಡಿಲ್ಲ. ದಂಡೆಯ ಎರಡೂ ಕಡೆ ಜನ. ಮದುವೆಗೆ ಬಂದಂತೆ ಹೆಂಗಸರು ಮಿಂದು ಹೂವು ಮುಡಿದಿದ್ದರು. ಎರಡು ವರ್ಷ ಹಾಸಿಗೆ ಬಿಟ್ಟು ಏಳದಿದ್ದ ಒಬ್ಬ ಹೆಂಗಸು ತನ್ನ ಕಾಲಲ್ಲಿ ತಾನೇ ನಡೆದು ಬಂದು ನೀರಿಗೆ ಪಾದ ಇಳಿಬಿಟ್ಟುಕೊಂಡು ಕೂತಿದ್ದಳು. ಹುಡುಗರು ಮಣ್ಣೆರಚಾಡುತ್ತಿದ್ದರು. ನಾವು ಕುಕ್ಕೆಯನ್ನು ನೀರಿನಲ್ಲಿ ಅದ್ದಿ ಅದ್ದಿ ಸುತ್ತ ತಿರುಗಿಸಿದೆವು. ಬಿಳಿ ಹರಡಿತು. ನೋಡಲು ಅದೇ ಕಾರೆಯ ನೀರು.

ಮೊದಲು ಸತ್ತದ್ದು ಮೀನಲ್ಲ. ನೀರಿನ ಮೇಲೆ ಉದ್ದ ಕಾಲೂರಿ ಜಾರುವ ಹುಳಗಳಿರುತ್ತವಲ್ಲ, ಅವು ನಿಂತಲ್ಲೇ ಮಡಚಿಕೊಂಡವು. ಅದನ್ನು ನಾನು ನೋಡಿದೆ. ಆಮೇಲೆ ಒಂದು ಕೊರವ ಮೀನು ಆಳುದ್ದ ಮೇಲಕ್ಕೆ ಚಿಮ್ಮಿತು. ಜನ ಹೋ ಎಂದರು. ಇನ್ನೊಂದು, ಇನ್ನೊಂದು. ಕಾರೆಯ ನೀರಿನಲ್ಲಿ ಮೀನು ಹೀಗೆ ಮಾಡುವುದಿಲ್ಲ. ತೂಕಡಿಸಿದ ಹಾಗೆ ಮೇಲೆ ಬರುತ್ತವೆ. ಇವು ಹುಚ್ಚು ಹಿಡಿದಂತೆ ಸುತ್ತಿದವು, ದಂಡೆಗೆ ತಲೆ ಹೊಡೆದವು, ನಡುಗಿದವು. ಆ ನಡುಕ ನನಗೆ ಪರಿಚಯದ್ದು. ಕಂಬಳಿಯೊಳಗೆ ಜನ ನಡುಗುತ್ತಿದ್ದದ್ದು ಹಾಗೆಯೇ. ಸುತ್ತಲೂ ಎಲ್ಲರೂ ಕೂಗುತ್ತಿದ್ದರು, ನಾನೂ ಕೂಗಿದೆ. ಅಷ್ಟು ಮೀನು ಆ ಮಡುವಿನಲ್ಲಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಗೆಂಡೆ, ಕೊರವ, ಹಾವುಮೀನು, ಬೆರಳುದ್ದದ ಮರಿಗಳು, ಏಡಿ. ಕುಕ್ಕೆಗಳು ತುಂಬಿದವು, ಸೀರೆಯ ಮಡಿಲುಗಳು ತುಂಬಿದವು.

“ಎಂಗವ್ಲಾ?” ಎಂದು ತಾತ ಬಂಡೆಯ ಮೇಲಿಂದ ಕೇಳುತ್ತಿದ್ದ.

“ಬಾಳ ಅವೆ ತಾತ! ಬಾಳ ಅವೆ!”

ತಾತ ಹಲ್ಲಿಲ್ಲದ ಬಾಯಿ ಅಗಲಿಸಿ ನಕ್ಕ. “ನಮ್ ಪಾಲಾಯ್ತು. ಆಚೆಮನೆಯೋರ್ ಪಾಲು ಬುಡಿ. ಕಟ್ಟೆ ಒಡೀರ್ಲಾ.”

ಆ ಗಳಿಗೆಯಲ್ಲಿ ನಾನು ಬಾಯಿ ತೆರೆದಿದ್ದರೆ ಮುಂದಿನದು ಆಗುತ್ತಿರಲಿಲ್ಲ. ಆದರೆ ಹೊಸ ನೀರು ಬಂದರೆ ಮೀನು ಏಳುತ್ತವೆ ಎಂದು ನಾನು ನಂಬಿದ್ದೆ. ಬೇಗ ಬರಲಿ ಎಂದು ನಾನೇ ಓಡಿ ಹೋಗಿ ಮೊದಲ ಕಲ್ಲು ಕಿತ್ತೆ.

ನೀರು ನುಗ್ಗಿತು. ಎಲ್ಲರೂ ದಂಡೆಯಲ್ಲಿ ಕೂತು ಕಾದೆವು, ರೂಢಿಯಂತೆ. ತೇಲುತ್ತಿದ್ದ ಮೀನುಗಳನ್ನು ಹೊಸ ನೀರು ಮಡುವಿನ ಕೆಳ ಅಂಚಿಗೆ ತಳ್ಳಿಕೊಂಡು ಹೋಯಿತು.

“ಎದ್ದವಾ?” ಎಂದ ತಾತ.

“ಇನ್ನೂ ಇಲ್ಲ ತಾತ.”

ಬಿಸಿಲು ಏರಿತು. ಮಾತು ಕಡಿಮೆಯಾಯಿತು. “ಎದ್ದವಾ?” ಯಾರೋ ಒಂದು ಮರಿಯನ್ನು ಅಂಗೈಯಲ್ಲಿ ಹಿಡಿದು ನೀರಿನಲ್ಲಿ ಹಿಂದೆ ಮುಂದೆ ಆಡಿಸುತ್ತಿದ್ದರು. ಮೂರನೆಯ ಸಲ ತಾತ ಕೇಳಲಿಲ್ಲ. ಕೈಯೂರಿಕೊಂಡು ಬಂಡೆಯಿಂದ ಇಳಿದು ಬಂದು ನೀರಿಗೆ ಬೆರಳಿಟ್ಟ. ಬೆರಳುಗಳನ್ನು ಒಂದಕ್ಕೊಂದು ತಿಕ್ಕಿದ. ಮೂಗಿನ ಹತ್ತಿರ ಹಿಡಿದ.

“ಇದ್ರಲ್ಲಿ ನೊರೆ ಇಲ್ಲ” ಅಂದ. “ಯಾವ್ ಕಾಯ್ಲಾ ಇದು?”

ಭಾವ ತಲೆ ಬಗ್ಗಿಸಿದ್ದ. ನಾನು ತಾತನ ಮುಂದೆ ಕೂತು ಹೇಳಿದೆ: ಪುಡಿ, ಎರಡು ಸೇರು, ನಾನೇ ಬೆರೆಸಿದೆ.

ಬೈಯುತ್ತಾನೆ ಎಂದುಕೊಂಡಿದ್ದೆ. ತಾತ ಕೇಳಿದ್ದು ಒಂದೇ ಮಾತು. “ಕಟ್ಟೆ ನೀರು ಈಗ ಎಲ್ಲಿಗಂಟ ಓಗಿದ್ದಾದು?”

ಆಗ ತಿಳಿಯಿತು. ನಾವು ಉಳಿಸಲೆಂದು ಬಿಟ್ಟ ನೀರು ವಿಷವನ್ನು ಹೊತ್ತುಕೊಂಡು ಮಿಕ್ಕ ಆರು ಮಡುಗಳಿಗೆ ಇಳಿಯುತ್ತಿತ್ತು.

ನಾನು ಓಡಿದೆ. ಹಿಂದೆ ಅಕ್ಕ, ಭಾವ, ಇಡೀ ಊರು. ಎರಡನೆಯ ಮಡುವಿನಲ್ಲಿ ಮರಿಗಳು ಆಗಲೇ ಗಿರಗಿರನೆ ಸುತ್ತುತ್ತಿದ್ದವು. ಮೂರನೆಯದರಲ್ಲಿ ಬಿಳಿ ಈಗಷ್ಟೇ ಒಳಗೆ ಬರುತ್ತಿತ್ತು. ನಾಲ್ಕಕ್ಕೂ ಐದಕ್ಕೂ ನಡುವೆ ಎರಡು ಬಂಡೆಗಳ ಸಂದು ಇದೆ, ಒಂದಾಳು ಅಡ್ಡ ಮಲಗಿದರೆ ಮುಚ್ಚುವಷ್ಟು. ನೀರು ಅಲ್ಲಿಗೆ ಇನ್ನೂ ಬಂದಿರಲಿಲ್ಲ. ಒಣ ಮರಳಿನ ಮೇಲೆ ಹಾವಿನ ಹಾಗೆ ತಡವರಿಸಿಕೊಂಡು ಬರುತ್ತಿತ್ತು, ನಾಲಿಗೆ ಮುಂದೆ ಚಾಚಿ.

“ಕಲ್ಲು ತನ್ರೀ! ಮಣ್ಣು!” ಎಂದು ಭಾವ ಕಿರುಚಿದ. ಕಲ್ಲು ಬಂತು, ಮಣ್ಣು ಬಂತು, ಕೇದಗೆಯ ಎಲೆ ಬಂತು. ಕುಕ್ಕೆಗಳಲ್ಲಿದ್ದ ಮೀನನ್ನು ಸುರಿದು ಅದೇ ಕುಕ್ಕೆಗಳಲ್ಲಿ ಮರಳು ತುಂಬಿ ತಂದರು. ಭಾವ ಸಂದಿಗೆ ಬೆನ್ನು ಕೊಟ್ಟು ಕೂತ. “ನನ್ ಮೇಲೇ ಆಕ್ರೋ” ಅಂದ. ಅವನ ಬೆನ್ನಿನ ಹಿಂದೆ, ಪಕ್ಕದಲ್ಲಿ, ತೊಡೆಯ ಮೇಲೆ ಮಣ್ಣು ಬಿತ್ತು. ನೀರು ಬಂತು, ಮುಟ್ಟಿತು, ನಿಂತಿತು. ಐದು, ಆರು, ಏಳನೆಯ ಮಡುಗಳು ಉಳಿದವು. ಜನ ಕುಣಿದರು. ಭಾವನನ್ನು ಮಣ್ಣಿನಿಂದ ಗೆಣಸು ಕಿತ್ತಂತೆ ಎಳೆದು ತೆಗೆದೆವು.

ತಾತನನ್ನು ಇಬ್ಬರು ಕೈಹಿಡಿದು ಕರೆತಂದರು. ಕೇಳಿಸಿಕೊಂಡು ಆಕಾಶದ ಕಡೆ ಮುಖ ಎತ್ತಿದ. “ಮಳೆ ಬಂದ್ರೆ?”

ಅಷ್ಟು ಹೊತ್ತಿಗೆ ಪಡುವಣದಲ್ಲಿ ಮೋಡ ಕಪ್ಪಾಗಿತ್ತು. ಮೊದಲ ಮಳೆಗೆ ಹಳ್ಳ ತುಂಬಿ ಬಂದರೆ ಕಲ್ಲು ಮಣ್ಣಿನ ಕಟ್ಟೆ ನಿಲ್ಲುವುದಿಲ್ಲ. ಮೇಲಿನ ನಾಲ್ಕು ಮಡುಗಳ ವಿಷವೆಲ್ಲ ಕೆಳಗಿನ ಮೂರಕ್ಕೆ ಬರುತ್ತದೆ. ಮಳೆಗಾಗಿ ವರ್ಷವಿಡೀ ಹರಕೆ ಹೊರುವ ಊರು ಆ ದಿನ ಮೊದಲ ಸಲ ಮಳೆ ಬೇಡ ಎಂದಿತು.

“ಮೀನ ಮೇಲುಕ್ ಒರ್ರೀ” ಅಂದ ತಾತ. “ತೊಟ್ಟಿಲಮಡಿನಿಂದ್ಲೂ ಮೇಲುಕ್ಕೆ. ಕಟ್ಟೆ ಮತ್ತೆ ಕಟ್ಟಿ ಅದ್ರ ಇಂದೆ ಬುಡಿ. ಅಲ್ಲಿ ಕಾಡಿನ್ ನೀರು, ವಿಷ ಇಲ್ಲ.”

ಆ ಮಧ್ಯಾಹ್ನ ಕಟ್ಟೆ ಕಟ್ಟಿ ನೀರು ತುಂಬಲು ಬಿಟ್ಟೆವು. ಮಾರನೆಯ ದಿನ ಬೆಳಕು ಹರಿದಾಗಿನಿಂದ ಹೊತ್ತದ್ದೇ ಹೊತ್ತದ್ದು. ಕೆಳಗಿನ ಮೂರು ಮಡುಗಳಿಗೆ ಹರಕು ಪಂಚೆಯನ್ನು ಬಲೆಯಂತೆ ಹಾಕಿ ಗಂಡಸರು ಮೀನು ಹಿಡಿದುಕೊಡುವುದು, ಹೆಂಗಸರು ಹಿತ್ತಾಳೆ ಕೊಡದಲ್ಲಿ ಅರ್ಧ ನೀರು ತುಂಬಿ, ಮೀನು ಬಿಟ್ಟು, ಚಿಮ್ಮದ ಹಾಗೆ ಬಾಯಿಗೆ ಮುತ್ತುಗದ ಎಲೆ ಮುಚ್ಚಿ, ತಲೆಯ ಮೇಲೆ ಹೊತ್ತು ಒಂದು ಮೈಲಿ ಏರು ದಾರಿ ಹತ್ತುವುದು. ಮೀನು ತರಲು ಹೋದ ಊರು ಮೀನನ್ನು ತಲೆಯ ಮೇಲೆ ಹೊತ್ತು ಹಳ್ಳಕ್ಕೆ ವಾಪಸು ಕೊಡುತ್ತಿತ್ತು. ಜ್ವರದ ಕಾಲದಲ್ಲಾಗಿದ್ದರೆ ಇಷ್ಟು ಹೊರಲು ಊರಿಗೆ ತ್ರಾಣವಿರುತ್ತಿರಲಿಲ್ಲ ಎನ್ನುವುದೂ ನಿಜ. ನಾನು ಮೇಲ್ಗಡೆ ನಿಂತು ಎಣಿಸಿದೆ. ನಲವತ್ತಮೂರು ಕೊಡ. ಅಕ್ಕ ಒಬ್ಬಳೇ ಐದು ಸಲ ಬಂದಳು. ಐದನೆಯ ಸಲ ಏದುಸಿರು ಬಿಡುತ್ತ, “ನನ್ ಕೊಡ್ದಲ್ಲಿ ಒಂದು ಗೆಂಡೆ ಅದೆ, ದಾರಿಯುದ್ದುಕ್ಕೂ ಒದಿತಾನೇ ಬಂತು, ಅತ್ತೆ ಇದ್ದಂಗೆ” ಅಂದಳು.

ನಡುವೆ ಇನ್‌ಸ್ಪೆಕ್ಟರು ಸೈಕಲ್ಲು ತಳ್ಳಿಕೊಂಡು ಬಂದರು. ಕೊಡ ಹೊತ್ತ ಹೆಂಗಸರ ಸಾಲು ನೋಡಿ ತಮಿಳಿನಲ್ಲಿ, “ಏನಪ್ಪ, ಕಲ್ಯಾಣವಾ?” ಎಂದು ಕೇಳಿದರು.

“ಆಮಾ ಸಾರ್, ಮದ್ವೇನೇ” ಅಂದ ಭಾವ, ಮೈಯೆಲ್ಲ ಕೆಸರು. “ಮೀನಿಗೆ.”

ಅವರು ನಕ್ಕು ಹೋದರು. ಅವರಿಗೆ ನಾನು ನಿಜ ಹೇಳಲಿಲ್ಲ. ಹೇಳಿದ್ದರೆ ಬೇರೆ ಊರುಗಳಲ್ಲಾದರೂ ಎಚ್ಚರಿಸುತ್ತಿದ್ದರೋ ಏನೋ. ಮುಂದಿನ ವರ್ಷಗಳಲ್ಲಿ ಇನ್ನೂ ಎರಡು ಹಳ್ಳಗಳಿಗೆ ಅದೇ ಪುಡಿ ಬಿತ್ತು ಎಂದು ಕೇಳಿದೆ. ಅಕ್ಕನ ಊರಲ್ಲಿ ಆ ಮೀನನ್ನು ತಿಂದ ಕೆಲವರಿಗೆ ಏನೂ ಆಗಲಿಲ್ಲ. ಅದು ಬೇರೆಯವರಿಗೆ ಧೈರ್ಯ ಕೊಟ್ಟಿತು.

ಮೂರನೆಯ ದಿನ ಮಧ್ಯಾಹ್ನ ಮಳೆ ಬಂತು. ಬರೀ ಮಳೆಯಲ್ಲ, ಮುಂಗಾರಿನ ಮೊದಲ ಮಳೆ, ಗುಡುಗು, ಮೇಲಿನ ಕಾಡೆಲ್ಲ ಒಂದೇ ಸಲ ಬೋರ್ಗರೆದಂತೆ. ತಾತ ಮನೆಯಲ್ಲಿ ಕೂರಲಿಲ್ಲ. ತಲೆಗೆ ಕಂಬಳಿಯ ಗೊಪ್ಪೆ ಹಾಕಿಕೊಂಡು ನನ್ನ ಹೆಗಲು ಹಿಡಿದು ಹಳ್ಳಕ್ಕೆ ಬಂದ. ಕಟ್ಟೆಯ ಮೇಲ್ಗಡೆ ದಂಡೆಯಲ್ಲಿ ಇಬ್ಬರೇ ನಿಂತೆವು. ನೀರು ಏರಿತು. ಕಟ್ಟೆ ಒಂದು ಕಡೆ ಕುಸಿಯಿತು, ಆಮೇಲೆ ಪೂರ್ತಿ ಹೋಯಿತು. ಕೆಳಗೆ ಏನಾಗುತ್ತಿದೆಯೆಂದು ಇಬ್ಬರಿಗೂ ಗೊತ್ತಿತ್ತು. ಉಳಿದದ್ದು ಒಂದೇ ಪ್ರಶ್ನೆ: ಹೊತ್ತು ತಂದ ಮೀನುಗಳು ನೀರಿನ ಜೊತೆ ಕೆಳಕ್ಕೆ ಹೋಗುತ್ತವೋ, ಎದುರು ಹತ್ತುತ್ತವೋ.

ತಾತನ ಬೆರಳು ನನ್ನ ಹೆಗಲಿನಲ್ಲಿ ಊರಿತ್ತು. “ನೋಡ್ಲಾ. ನೋಡಿ ಏಳ್ಲಾ.”

ನಾನು ನೋಡಿದೆ. ಮಳೆಯಲ್ಲಿ ಕಣ್ಣು ಬಿಡುವುದೇ ಕಷ್ಟ. ನೀರು ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಭಾವನ ಹೊಸ ಹೊಲದ ಮಣ್ಣು ಅಂಬಲಿಯ ಹಾಗೆ ದಪ್ಪವಾಗಿ ಇಳಿದು ಬರುತ್ತಿತ್ತು. ಆಗ ಬಂಡೆಯ ಸಂದಿನಲ್ಲಿ ಬೆಳ್ಳಗೆ ಏನೋ ಬಾಗಿತು. ಗೆಂಡೆ. ಚಿಮ್ಮಿತು, ಹಿಂದೆ ಬಿತ್ತು, ಮತ್ತೆ ಚಿಮ್ಮಿ ಮೇಲಿನ ನೀರಿಗೆ ಬಿತ್ತು.

“ಹತ್ತಿತು ತಾತ!” ಎಂದು ಕೂಗಿದೆ. “ಹತ್ತಿತು!”

“ಅತ್ತುತಾ?” ತಾತ ನಿಂತಲ್ಲೇ ಕುಣಿದ. ಕಾಲು ಜಾರಿತು, ಹಿಡಿದುಕೊಂಡೆ. “ಎಷ್ಟ್ಲಾ? ಎಷ್ಟತ್ತುದೊ?”

“ಮೂರು ತಾತ. ಮೂರು.”

“ಮೂರು” ಅಂದ ತಾತ. ಮಳೆ ಅವನ ಬಾಯೊಳಕ್ಕೇ ಬೀಳುತ್ತಿತ್ತು. “ಸಾಕು ಕಣ್ಲಾ. ಮೂರಾದ್ರೆ ಸಾಕು.”

ಆ ಚಳಿಗಾಲದಲ್ಲಿ ತಾತ ತೀರಿಕೊಂಡ. ನೀರುನಾಯಿಗಳ ಹೆಣ ನಾನು ನೋಡಲಿಲ್ಲ. ಆಮೇಲೆ ಅವನ್ನು ಕಾಣಲಿಲ್ಲ, ಅಷ್ಟನ್ನೇ ಹೇಳಬಲ್ಲೆ. ಎರಡು ಮೂರು ವರ್ಷ ಹಳ್ಳದಲ್ಲಿ ಸಣ್ಣ ಮೀನು ಕಾಣುತ್ತಿದ್ದವು. ಆದರೆ ಇಳಿಜಾರಿನಲ್ಲಿ ಬೇರು ಹಿಡಿದು ನಿಲ್ಲಿಸುವ ಮರಗಳಿರಲಿಲ್ಲ. ಪ್ರತಿ ಮಳೆಗೂ ಮಣ್ಣು ಬಂತು. ತೊಟ್ಟಿಲಮಡು ಎರಡಾಳಿನಿಂದ ಒಂದಾಳಾಯಿತು, ಸೊಂಟದುದ್ದವಾಯಿತು, ಮೊಣಕಾಲಾಯಿತು. ಆಮೇಲೆ ಅದರ ಮೇಲೆ ಉತ್ತರು. ನಾನು ಮದ್ದಿನ ಕೆಲಸ ಬಿಟ್ಟೆ. ಜ್ವರ ಹೋದದ್ದು ತಪ್ಪು ಎಂದು ಇವತ್ತಿಗೂ ಹೇಳಲಾರೆ. ಅಕ್ಕ ಬದುಕಿರುವುದೇ ಅದರಿಂದ.

ಹೋದ ವರ್ಷ ಆ ಸಂಜೆ ಎಲೆಕೋಸಿನ ಹೊಲದಿಂದ ವಾಪಸು ಬಂದಾಗ ಅಕ್ಕ ಇನ್ನೂ ಜಗುಲಿಯ ಮೇಲೇ ಇದ್ದಳು. ಕಾಯಿ ಬಿಡಿಸಿ ಮುಗಿದಿತ್ತು. ನಾನು ಅವಳ ಪಕ್ಕ ಕೂತು ಇಷ್ಟು ವರ್ಷ ಯಾರಿಗೂ ಹೇಳದಿದ್ದದ್ದನ್ನು ಹೇಳಿದೆ.

“ಅಕ್ಕ, ಆ ದಿನ ಮೂರು ಮೀನು ಹತ್ತಿದವು ಅಂತ ತಾತನಿಗೆ ಹೇಳಿದೆನಲ್ಲ. ನಾನು ನೋಡಿದ್ದು ಒಂದೇ.”

ಅಕ್ಕ ಮಡಿಲಿನ ಸಿಪ್ಪೆ ಕೊಡವುತ್ತಿದ್ದವಳು ಕೈ ನಿಲ್ಲಿಸಿದಳು.

“ಒಂದೇಯಾ?”

“ಒಂದೇ. ಗೆಂಡೆ. ಎರಡು ಸಲ ಚಿಮ್ಮಿ ಹತ್ತಿತು.”

ಅವಳು ಹಳ್ಳದ ಕಡೆ ನೋಡಿದಳು. ಆಮೇಲೆ ಮುಖದ ಸುಕ್ಕೆಲ್ಲ ಒಂದು ಕಡೆಗೆ ಸರಿಯುವಂತೆ ನಕ್ಕಳು.

“ಅಂಗಾರೆ ಅದು ನನ್ ಕೊಡುದ್ದೇ ಕಣ್ಲಾ” ಅಂದಳು. “ದಾರಿಯುದ್ದುಕ್ಕೂ ಒದಿತಾ ಬಂತಲ್ಲ, ಅದೇಯಾ.”